‘ಕಳಿಸುವಾಗ ಸರಿಯಾಗಿಯೇ ಇತ್ತು’: ಹರಾಜಿನಲ್ಲಿ ಗೆದ್ದ ವಸ್ತು, ಮಾತಿಗೆ ಬಗ್ಗದ ಮಾರಾಟಗಾರ

ಪ್ರಶ್ನೆ: ಆನ್‌ಲೈನ್ ಹರಾಜಿನಲ್ಲಿ ಬಿಡ್ ಮಾಡಿ ಹಳೆಯ ಫಿಲ್ಮ್ ಕ್ಯಾಮೆರಾವೊಂದನ್ನು ಗೆದ್ದುಕೊಂಡೆ. ‘ಚೆನ್ನಾಗಿ ಕೆಲಸ ಮಾಡುತ್ತದೆ, ಲೆನ್ಸ್ ಸ್ವಚ್ಛವಾಗಿದೆ’ ಎಂದು ವಿವರಣೆಯಲ್ಲಿತ್ತು. ಆರು ದಿನಗಳ ನಂತರ ಪಾರ್ಸೆಲ್ ಬಂತು. ತೆರೆದು ನೋಡಿದರೆ ಲೆನ್ಸಿನೊಳಗೆ ಬಿಳಿ ಎಳೆಗಳಿವೆ, ಕೆಲವು ವೇಗಗಳಲ್ಲಿ ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಪರದೆ, ತೆರೆದುಕೊಂಡೇ ನಿಂತುಬಿಡುತ್ತದೆ. ಮಾರಾಟಗಾರನಿಗೆ ಬರೆದರೆ ‘ಕಳಿಸುವಾಗ ಸರಿಯಾಗಿಯೇ ಇತ್ತು, ನೀವೇ ಕೆಡಿಸಿದ್ದೀರಿ’ ಎಂದ. ಸಿಟ್ಟಿನಲ್ಲಿ ಅವನನ್ನು ಮೋಸಗಾರ ಎಂದು ಕರೆದೆ, ಅವನೂ ಬಾಯಿಗೆ ಬಂದಂತೆ ಬರೆದ. ಈಗ ಮೆತ್ತಗಾಗಿದ್ದಾನೆ. ಒಳ್ಳೆಯ ರೇಟಿಂಗ್ ಕೊಟ್ಟರೆ ಕಾಲು ಭಾಗ ಹಣ ಹಿಂತಿರುಗಿಸುತ್ತಾನಂತೆ. ಆದರೆ ಪ್ರವಾಸದಲ್ಲಿರುವುದರಿಂದ ಎರಡು ವಾರ ಕಾಯಬೇಕಂತೆ, ತಾಣಕ್ಕೆ ಮಾತ್ರ ದೂರು ಕೊಡಬಾರದಂತೆ. ಕೊಟ್ಟರೆ ನನಗೆ ಕೆಟ್ಟ ರೇಟಿಂಗ್ ಹಾಕುತ್ತೇನೆ ಎಂದೂ ಹೇಳಿದ್ದಾನೆ. ಕ್ಯಾಮೆರಾ ಬಂದು ಇವತ್ತಿಗೆ 18 ದಿನ. ಹಣ ಕಟ್ಟಿದ್ದು ತಾಣದ ಮೂಲಕವೇ, ಕ್ರೆಡಿಟ್ ಕಾರ್ಡಿನಿಂದ. ಏನು ಮಾಡಲಿ?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ. ಕ್ಯಾಮೆರಾ ನಿಮ್ಮ ಕೈ ಸೇರಿ 18 ದಿನವಾಗಿದೆ. ಮಾರಾಟಗಾರ ಕೇಳುತ್ತಿರುವುದು ಇನ್ನೂ 14 ದಿನ. ಕೂಡಿದರೆ 32. ನೀವು ಕೊಂಡ ತಾಣ ಯಾವುದೆಂದು ಬರೆದಿಲ್ಲವಾದ್ದರಿಂದ ಎಲ್ಲರಿಗೂ ಪರಿಚಿತವಾದ ಈಬೇಯ ನಿಯಮವನ್ನೇ ಹಿಡಿದು ಹೇಳುತ್ತೇನೆ. ವಸ್ತು ವಿವರಣೆಗೆ ಹೊಂದುತ್ತಿಲ್ಲ ಎಂದು ದೂರಲು ಅಲ್ಲಿ ಇರುವ ಸಾಮಾನ್ಯ ಅವಧಿ, ವಸ್ತು ತಲುಪಿದ ಮೇಲೆ 30 ದಿನ. ಅವನು ಪ್ರವಾಸ ಮುಗಿಸಿ ಬರುವ ಹೊತ್ತಿಗೆ ಕೆಟ್ಟ ಕ್ಯಾಮೆರಾ ನಿಮ್ಮ ಕೈಯಲ್ಲೇ ಇರುತ್ತದೆ, ದೂರಿನ ಬಾಗಿಲು ಮಾತ್ರ ಮುಚ್ಚಿರುತ್ತದೆ. ಇದನ್ನು ಅವನು ಎಣಿಸಿಯೇ ಕೇಳಿದನೋ ಅಥವಾ ನಿಜವಾಗಿಯೂ ಪ್ರವಾಸದಲ್ಲಿದ್ದಾನೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎರಡರಲ್ಲಿ ಯಾವುದಾದರೂ ನಿಮಗಾಗುವ ನಷ್ಟ ಒಂದೇ. ಈ ಉತ್ತರವನ್ನು ಮುಂದೆ ಓದುವ ಮೊದಲು ನಿಮ್ಮ ತಾಣದ ಖರೀದಿದಾರರ ರಕ್ಷಣೆಯ ಪುಟವನ್ನು ತೆರೆಯಿರಿ, ಕೊನೆಯ ದಿನಾಂಕ ಯಾವುದೆಂದು ನೋಡಿ, ಒಂದು ಕಾಗದದ ಮೇಲೆ ಬರೆದಿಡಿ. ದೂರನ್ನು ಇವತ್ತೇ ದಾಖಲಿಸಿ.

ದೂರು ಕೊಡುವುದೆಂದರೆ ಜಗಳಕ್ಕೆ ಇಳಿದಂತೆ ಎಂದುಕೊಂಡು ಸಂಕೋಚಪಡುವವರನ್ನು ನಾನು ಬಹಳ ಕಂಡಿದ್ದೇನೆ. ‘ಮನುಷ್ಯ ಒಳ್ಳೆಯ ಮಾತಾಡುತ್ತಿದ್ದಾನೆ, ಈಗ ದೂರು ಕೊಟ್ಟರೆ ಏನಂದುಕೊಂಡಾನು’ ಎಂಬ ದಾಕ್ಷಿಣ್ಯ. ದೂರು ದಾಖಲಾದ ಮೇಲೂ ನೀವಿಬ್ಬರೂ ಮಾತಾಡಬಹುದು, ಒಪ್ಪಂದಕ್ಕೆ ಬರಬಹುದು, ದೂರನ್ನು ಹಿಂತೆಗೆದುಕೊಳ್ಳಲೂಬಹುದು. ದಾಖಲಾಗದೆ ಅವಧಿ ಮೀರಿದರೆ ಇವು ಯಾವುದಕ್ಕೂ ಬೆಲೆಯಿರುವುದಿಲ್ಲ. ಈ ದಾಕ್ಷಿಣ್ಯದ ಬೆಲೆಯನ್ನು ನಾನೇ ತೆತ್ತಿದ್ದೇನೆ. ವರ್ಷಗಳ ಹಿಂದೆ ಹರಾಜಿನಲ್ಲಿ ಕೀಲಿ ಕೊಡುವ ಹಳೆಯ ಕೈಗಡಿಯಾರವೊಂದನ್ನು ಕೊಂಡಿದ್ದೆ. ದಿನಕ್ಕೆ ಇಪ್ಪತ್ತು ನಿಮಿಷ ಹಿಂದೆ ಬೀಳುತ್ತಿತ್ತು. ಮಾರಾಟಗಾರ ಬಹಳ ಸೌಜನ್ಯದವನು. ಪ್ರತಿ ಸಂದೇಶಕ್ಕೂ ಉತ್ತರಿಸುತ್ತಿದ್ದ, ಕ್ಷಮೆ ಕೇಳುತ್ತಿದ್ದ, ಮನೆಯಲ್ಲಿ ಕಾಯಿಲೆ ಎನ್ನುತ್ತಿದ್ದ, ಸೋಮವಾರ ಖಂಡಿತ ಎನ್ನುತ್ತಿದ್ದ. ಅವಧಿ ಮುಗಿದ ಮರುದಿನದಿಂದ ಅವನ ಉತ್ತರಗಳು ನಿಂತವು. ಹಣ ಬರಲಿಲ್ಲ. ಆ ಗಡಿಯಾರ ಈಗಲೂ ನನ್ನ ಮೇಜಿನ ಮೇಲಿದೆ. ಅದನ್ನು ಕಂಡಾಗಲೆಲ್ಲ ನಿಮ್ಮಂಥವರಿಗೆ ಈ ಮಾತನ್ನು ಮೊದಲೇ ಹೇಳಬೇಕು ಅನ್ನಿಸುತ್ತದೆ.

ಇನ್ನು ಜಗಳದ ವಿಷಯ. ನಾನು ಹಲವು ವರ್ಷ ಇಂಥ ವ್ಯಾಜ್ಯಗಳ ಕಡತಗಳನ್ನು ಓದಿ ತೀರ್ಮಾನ ಬರೆಯುವ ಕೆಲಸ ಮಾಡಿದವನು. ಆ ಕುರ್ಚಿಯಲ್ಲಿ ಕೂತವನಿಗೆ ಎದುರಾಗುವುದು ಏನು ಗೊತ್ತೇ? ಒಂದು ಹರಾಜಿನ ಪುಟ, ನಾಲ್ಕೈದು ಚಿತ್ರಗಳು, ಇಬ್ಬರು ಅಪರಿಚಿತರ ನಡುವಿನ ಇಪ್ಪತ್ತು ಮೂವತ್ತು ಸಂದೇಶಗಳು. ಓದಲು ಸಿಗುವ ಸಮಯ ಕೆಲವೇ ನಿಮಿಷ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವಿಲ್ಲ. ಇಬ್ಬರಲ್ಲಿ ಯಾರು ಒಳ್ಳೆಯವರು ಎಂದು ತಿಳಿಯುವ ದಾರಿಯೂ ಇಲ್ಲ. ಒಬ್ಬರು ಮೋಸಗಾರ ಎನ್ನುತ್ತಾರೆ, ಇನ್ನೊಬ್ಬರು ಸುಳ್ಳುಗಾರ ಎನ್ನುತ್ತಾರೆ, ಓದುವವನಿಗೆ ಎರಡೂ ಒಂದೇ ತೂಕದ ಮಾತುಗಳು. ಅವನು ಹುಡುಕುವುದು ಒಂದೇ ಒಂದನ್ನು: ವಿವರಣೆಯಲ್ಲಿ ಹೀಗಿತ್ತು, ಬಂದದ್ದು ಹೀಗಿದೆ, ಇದೋ ಚಿತ್ರ. ಈ ಮೂರು ಒಂದೇ ಕಡೆ ಸಿಕ್ಕರೆ ಅವನ ಕೆಲಸ ಮುಗಿಯಿತು, ನಿಮ್ಮದೂ ಮುಗಿಯಿತು.

ಆದ್ದರಿಂದ ಇನ್ನು ಮುಂದೆ ಮಾರಾಟಗಾರನಿಗೆ ಬರೆಯುವ ಪ್ರತಿಯೊಂದು ಸಾಲನ್ನೂ ಆ ಮೂರನೆಯ ವ್ಯಕ್ತಿಗಾಗಿ ಬರೆಯಿರಿ. ವಿಳಾಸ ಮಾರಾಟಗಾರನದಿರಲಿ, ಓದುಗ ಮಾತ್ರ ಕಡತ ತೆರೆಯಲಿರುವ ಆ ಅಪರಿಚಿತ. ಮಾರಾಟಗಾರನನ್ನು ಮಾತಿನಲ್ಲಿ ಸೋಲಿಸಿ ತಪ್ಪೊಪ್ಪಿಸಬೇಕು ಎಂಬ ಹಟವನ್ನು ಬಿಟ್ಟುಬಿಡಿ. ಅವನು ಒಪ್ಪಬೇಕಾಗಿಲ್ಲ. ಒಪ್ಪದೆಯೂ ನಿಮ್ಮ ಹಣ ನಿಮಗೆ ಬರುತ್ತದೆ.

ಈಗ ಕ್ಯಾಮೆರಾವನ್ನು ಕೈಗೆ ತೆಗೆದುಕೊಳ್ಳಿ. ಲೆನ್ಸಿನೊಳಗಿನ ಬಿಳಿ ಎಳೆಗಳು ಎಂದಿರಿ, ಅದು ಬಹುಮಟ್ಟಿಗೆ ಬೂಷ್ಟು, ಅಂದರೆ ಫಂಗಸ್. ಧೂಳಾದರೆ ಚುಕ್ಕೆ ಚುಕ್ಕೆಯಾಗಿ ಚದುರಿರುತ್ತದೆ. ಬೂಷ್ಟು ಒಂದು ಬಿಂದುವಿನಿಂದ ಕವಲೊಡೆಯುತ್ತ ಜೇಡನ ಬಲೆಯಂತೆ ಹರಡಿರುತ್ತದೆ. ಕೋಣೆಯ ದೀಪ ಆರಿಸಿ, ಲೆನ್ಸಿನ ಅಪರ್ಚರನ್ನು (ಬೆಳಕು ಒಳಹೋಗುವ ಕಿಂಡಿಯನ್ನು) ಪೂರ್ತಿ ತೆರೆದು, ಟಾರ್ಚನ್ನು ನೇರವಾಗಿ ಹಿಡಿಯದೆ ಓರೆಯಾಗಿ ಹಿಡಿಯಿರಿ. ಹಗಲಿನಲ್ಲಿ ಕಾಣದ ಎಳೆಗಳೂ ಬೆಳ್ಳಗೆ ಎದ್ದು ನಿಲ್ಲುತ್ತವೆ. ಆ ಬೆಳಕಿನಲ್ಲಿ ಎರಡು ಮೂರು ಚಿತ್ರ ತೆಗೆಯಿರಿ. ಒಂದು ಚಿತ್ರದಲ್ಲಿ ಕ್ಯಾಮೆರಾದ ಕ್ರಮಸಂಖ್ಯೆಯೂ ಕಾಣಿಸುವಂತಿರಲಿ. ಹರಾಜಿನ ಪುಟದ ಚಿತ್ರದಲ್ಲಿ ಅದೇ ಸಂಖ್ಯೆಯಿದ್ದರೆ, ಬೇರೆ ಕ್ಯಾಮೆರಾ ತೋರಿಸುತ್ತಿದ್ದೀರಿ ಎಂಬ ವಾದ ಹುಟ್ಟುವ ಮೊದಲೇ ಸಾಯುತ್ತದೆ.

ಈ ಬೂಷ್ಟು ನಿಮ್ಮ ಅತ್ಯಂತ ಗಟ್ಟಿ ಸಾಕ್ಷಿ. ಏಕೆಂದರೆ ಅದಕ್ಕೊಂದು ವಯಸ್ಸಿದೆ. ಕತ್ತಲೆ ಮತ್ತು ತೇವ ಎರಡೂ ಇರುವ ಕಡೆ ತಿಂಗಳುಗಟ್ಟಲೆ ಮುಚ್ಚಿಟ್ಟ ಲೆನ್ಸಿನಲ್ಲಿ ಅದು ಬೆಳೆಯುತ್ತದೆ. ಆರು ದಿನದ ಪ್ರಯಾಣದಲ್ಲಿ ಪಾರ್ಸೆಲಿನೊಳಗೆ ಬಲೆ ಹೆಣೆದುಕೊಂಡು ಬರುವ ವಸ್ತು ಅದಲ್ಲ. ನಿಮ್ಮ ಮನೆಯಲ್ಲಿ ಒಂದೆರಡು ದಿನದಲ್ಲಿ ಹುಟ್ಟುವಂಥದ್ದೂ ಅಲ್ಲ. ‘ಕಳಿಸುವಾಗ ಸರಿಯಾಗಿಯೇ ಇತ್ತು’ ಎಂಬ ಮಾತಿಗೆ ನೀವು ವಾದಿಸಬೇಕಾಗಿಲ್ಲ, ಆ ಎಳೆಗಳೇ ಉತ್ತರ ಹೇಳುತ್ತವೆ. ಕ್ಯಾಮೆರಾ ಬಂದ ದಿನವೇ ಚಿತ್ರ ತೆಗೆದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮೊಬೈಲಿನಲ್ಲಿ ಹುಡುಕಿ ನೋಡಿ, ದಿನಾಂಕ ಸಹಿತ ಉಳಿದಿರುತ್ತದೆ.

ಶಟರ್ ವಿಷಯ ಸ್ವಲ್ಪ ಬೇರೆ. ಯಾಂತ್ರಿಕ ಕ್ಯಾಮೆರಾಗಳಲ್ಲಿ ನಿಧಾನ ವೇಗಗಳನ್ನು ಒಂದು ಪುಟ್ಟ ಗೇರ್ ಸರಣಿ ನಿಯಂತ್ರಿಸುತ್ತದೆ. ಒಂದು ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿದರೆ ‘ಜುಯ್’ ಎಂಬ ಸಣ್ಣ ಸದ್ದು ಕೇಳಿಸಿ ಕೊನೆಗೆ ಟಕ್ ಎಂದು ಮುಚ್ಚಿಕೊಳ್ಳಬೇಕು. ದಶಕಗಳ ಕಾಲ ಬಳಸದೆ ಇಟ್ಟಾಗ ಆ ಗೇರುಗಳ ಎಣ್ಣೆ ಗಟ್ಟಿಯಾಗುತ್ತದೆ, ಸದ್ದು ಅರ್ಧದಲ್ಲೇ ನಿಲ್ಲುತ್ತದೆ, ಶಟರ್ ಬಾಯಿ ತೆರೆದುಕೊಂಡು ಉಳಿಯುತ್ತದೆ. ಅದೇ ಕ್ಯಾಮೆರಾವನ್ನು ಸೆಕೆಂಡಿನ ನೂರಿಪ್ಪತ್ತೈದನೆಯ ಒಂದು ಭಾಗಕ್ಕೆ ಇಟ್ಟು ಒತ್ತಿದರೆ ಚಕ್ ಎಂದು ಚೆನ್ನಾಗಿ ಬಡಿಯಬಹುದು. ನಿಮ್ಮ ಮಾರಾಟಗಾರ ಅಟ್ಟದಿಂದ ಇಳಿಸಿದ ಕ್ಯಾಮೆರಾವನ್ನು ಎರಡು ಸಲ ಚಕ್ ಎನ್ನಿಸಿ ನೋಡಿ, ‘ಚೆನ್ನಾಗಿ ಕೆಲಸ ಮಾಡುತ್ತದೆ’ ಎಂದು ನಂಬಿಯೇ ಬರೆದಿರುವ ಸಾಧ್ಯತೆ ಸಾಕಷ್ಟಿದೆ. ಇದನ್ನು ಅವನ ಪರವಾಗಿ ಹೇಳುತ್ತಿಲ್ಲ. ಗೊತ್ತಿಲ್ಲದೆ ಬರೆದರೂ ತಪ್ಪು ವಿವರಣೆ ತಪ್ಪು ವಿವರಣೆಯೇ, ಹಣ ಹಿಂತಿರುಗಿಸುವ ಹೊಣೆ ಅವನದೇ. ಆದರೆ ಅವನ ಸಿಟ್ಟು ಎಲ್ಲಿಂದ ಬಂತು ಎಂಬುದು ನಿಮಗೆ ಅರ್ಥವಾಗಬೇಕು. ಗೊತ್ತಿಲ್ಲದೆ ತಪ್ಪಿದವನನ್ನು ಮೋಸಗಾರ ಎಂದರೆ ಅವನು ಹಣದ ಮಾತು ಬಿಟ್ಟು ಮಾನದ ಮಾತಿಗೆ ಬರುತ್ತಾನೆ. ಅಲ್ಲಿಂದಾಚೆಗೆ ಯಾರೂ ಯಾರಿಗೂ ಬಗ್ಗುವುದಿಲ್ಲ.

ಶಟರ್ ದೋಷವನ್ನು ಹೀಗೆ ಸೆರೆಹಿಡಿಯಿರಿ. ಒಳಗೆ ಫಿಲ್ಮ್ ಇಲ್ಲವೆಂದು ಖಚಿತಪಡಿಸಿಕೊಂಡು ಹಿಂಬದಿಯ ಮುಚ್ಚಳ ತೆರೆಯಿರಿ. ಪಕ್ಕದಲ್ಲಿ ಸ್ಟಾಪ್‌ವಾಚ್ ಓಡುತ್ತಿರುವ ಮೊಬೈಲ್ ಇಡಿ. ವೇಗದ ಚಕ್ರ ಒಂದು ಸೆಕೆಂಡಿನಲ್ಲಿರುವುದು ಕಾಣುವಂತೆ ತೋರಿಸಿ, ಗುಂಡಿ ಒತ್ತಿ, ಹತ್ತು ಸೆಕೆಂಡ್ ಹಾಗೆಯೇ ವಿಡಿಯೊ ಮಾಡಿ. ವಿಡಿಯೊ ಸೇರಿಸಲು ತಾಣ ಅವಕಾಶ ಕೊಡದಿದ್ದರೆ, ಶಟರ್ ತೆರೆದೇ ಇದ್ದು ಗಡಿಯಾರ ಹತ್ತು ಸೆಕೆಂಡ್ ತೋರಿಸುತ್ತಿರುವ ಒಂದು ಚಿತ್ರವನ್ನು ಅದರಿಂದ ತೆಗೆದು ಸೇರಿಸಿ. ಕ್ಯಾಮೆರಾವನ್ನು ಯಾರ ಕೈಗೂ ಬಿಚ್ಚಲು ಕೊಡಬೇಡಿ, ‘ರಿಪೇರಿ ಮಾಡಿಸಿ, ಖರ್ಚು ಕೊಡುತ್ತೇನೆ’ ಎಂದು ಅವನೇ ಹೇಳಿದರೂ ಕೊಡಬೇಡಿ. ಒಂದು ಸ್ಕ್ರೂ ತಿರುಗಿದರೂ ‘ನೀವೇ ಕೆಡಿಸಿದ್ದೀರಿ’ ಎಂಬ ಅವನ ಮಾತಿಗೆ ಆಧಾರ ಸಿಕ್ಕಂತಾಗುತ್ತದೆ. ಹರಾಜಿನ ಪುಟವನ್ನೂ ಚಿತ್ರಗಳ ಸಹಿತ ಈಗಲೇ ಉಳಿಸಿಟ್ಟುಕೊಳ್ಳಿ, ಅಂಥ ಪುಟಗಳು ಶಾಶ್ವತವಾಗಿ ಉಳಿಯುವುದಿಲ್ಲ. ಪೆಟ್ಟಿಗೆ, ಒಳಗಿನ ಹೊದಿಕೆ, ಮೇಲಿನ ಚೀಟಿ ಇವನ್ನು ಎಸೆದಿಲ್ಲ ಎಂದುಕೊಳ್ಳುತ್ತೇನೆ.

ಸಾಕ್ಷಿ ಕೂಡಿಸುವಾಗ ನಿಮ್ಮ ಮನಸ್ಸನ್ನೂ ಒಮ್ಮೆ ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ಬೇಸರ ವಸ್ತುವಿನ ದೋಷಕ್ಕೋ, ಹೆಚ್ಚು ಬೆಲೆ ಕೊಟ್ಟುಬಿಟ್ಟೆ ಎಂಬುದಕ್ಕೋ? ಹರಾಜಿನಲ್ಲಿ ಈ ಎರಡು ಬಹಳ ಬೇಗ ಬೆರೆತುಹೋಗುತ್ತವೆ. 1971ರಲ್ಲಿ ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು ತೈಲ ನಿಕ್ಷೇಪಗಳ ಹರಾಜನ್ನು ಪರಿಶೀಲಿಸಿ, ಗೆದ್ದವನು ಹೆಚ್ಚು ಬೆಲೆ ತೆತ್ತುಬಿಡುವುದು ಏಕೆ ಎಂಬುದನ್ನು ವಿವರಿಸಿದರು, ಅರ್ಥಶಾಸ್ತ್ರದಲ್ಲಿ ಇದಕ್ಕೆ ‘ಗೆದ್ದವನ ಶಾಪ’ ಎಂಬ ಹೆಸರು ನಿಂತಿತು. ಹತ್ತು ಜನ ಬಿಡ್ ಮಾಡಿದಾಗ ಗೆಲ್ಲುವವನು ಆ ವಸ್ತುವಿಗೆ ಎಲ್ಲರಿಗಿಂತ ಹೆಚ್ಚು ಬೆಲೆ ಕಟ್ಟಿದವನು. ಅಂದರೆ ಹೆಚ್ಚಾಗಿ ಅಂದಾಜು ತಪ್ಪಿದವನೂ ಅವನೇ. ಆ ವಿಷಾದಕ್ಕೆ ಪರಿಹಾರ ಕೇಳುವ ಹಕ್ಕು ಯಾರಿಗೂ ಇಲ್ಲ. ‘ಮೇಲಿನ ಬಣ್ಣ ಮಾಸಿದೆ’, ‘ಚರ್ಮದ ಚೀಲ ಹಳೆಯದು’ ಎಂಬಂಥ ಮಾತುಗಳನ್ನು ದೂರಿನಲ್ಲಿ ಸೇರಿಸಬೇಡಿ. ಚಿತ್ರದಲ್ಲಿ ಕಾಣುತ್ತಿದ್ದುದನ್ನು ದೂರಿದರೆ ನಿಜವಾದ ಎರಡು ದೋಷಗಳ ತೂಕವೂ ಇಳಿಯುತ್ತದೆ. ಬೂಷ್ಟು ಮತ್ತು ಶಟರ್. ಇವೆರಡೇ ಸಾಕು.

ವಿವರಣೆಯ ಪದಗಳು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಹಳೆಯ ಕತೆ ನೆನಪಾಗುತ್ತದೆ. 1995ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿಡ್ಯಾರ್ ಶುರುಮಾಡಿದ ಆಕ್ಷನ್‌ವೆಬ್ ತಾಣವೇ ಮುಂದೆ ಈಬೇ ಆಯಿತು. ಅಲ್ಲಿ ಮಾರಾಟವಾದ ಮೊದಲ ವಸ್ತು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಕೆಟ್ಟಿದ್ದು ಗೊತ್ತಿದೆ ತಾನೆ ಎಂದು ಕೊಂಡವನನ್ನು ಒಮಿಡ್ಯಾರ್ ವಿಚಾರಿಸಿದಾಗ, ತಾನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಸಂಗ್ರಹಿಸುವವನು ಎಂಬ ಉತ್ತರ ಬಂತಂತೆ. ಕೆಟ್ಟದ್ದನ್ನು ಕೆಟ್ಟದ್ದೆಂದೇ ಹೇಳಿ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ. ನಿಮ್ಮ ಕ್ಯಾಮೆರಾದ ಪುಟದಲ್ಲಿ ‘ಬಿಡಿಭಾಗಗಳಿಗಾಗಿ’ ಎಂದಿದ್ದರೆ ನಾನು ನಿಮಗೆ ಸುಮ್ಮನಿರಿ ಎನ್ನುತ್ತಿದ್ದೆ. ‘ಪರೀಕ್ಷಿಸಿಲ್ಲ’ ಎಂದಿದ್ದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ವಾದ ಕಷ್ಟವಾಗುತ್ತಿತ್ತು. ಅವನು ಬರೆದದ್ದು ‘ಚೆನ್ನಾಗಿ ಕೆಲಸ ಮಾಡುತ್ತದೆ, ಲೆನ್ಸ್ ಸ್ವಚ್ಛವಾಗಿದೆ’ ಎಂದು. ನಿಮ್ಮ ಇಡೀ ಪ್ರಕರಣ ಈ ಒಂದು ವಾಕ್ಯದ ಮೇಲೆ ನಿಂತಿದೆ. ಪುಟದ ಕೆಳಗೆ ‘ಹಿಂತಿರುಗಿಸುವಂತಿಲ್ಲ’ ಎಂದಿದ್ದರೂ ಹೆದರಬೇಡಿ. ಅದು ಮನಸ್ಸು ಬದಲಾಯಿಸಿದವರಿಗೆ ಅನ್ವಯಿಸುವ ಷರತ್ತು. ವಿವರಣೆಗೆ ಹೊಂದದ ವಸ್ತುವಿಗೆ ಅದು ಈಬೇಯಲ್ಲಿ ಅಡ್ಡಬರುವುದಿಲ್ಲ. ‘ದಾರಿಯಲ್ಲಿ ಕೆಟ್ಟಿರಬೇಕು’ ಎಂದು ಅವನು ಮಾತು ಬದಲಿಸಿದರೂ ಅಷ್ಟೇ. ಒಡೆದು ತಲುಪಿದ ವಸ್ತುವಿಗೂ ಖರೀದಿದಾರನ ರಕ್ಷಣೆ ಇದೆ.

ಈಗ ಬರೆಯಬೇಕಾದ ಸಂದೇಶ. ನೀವು ಹಿಂದೆ ಬರೆದ ‘ಮೋಸಗಾರ’ ಅಳಿಸಿಹೋಗುವುದಿಲ್ಲ, ಕಡತದಲ್ಲಿ ಇರುತ್ತದೆ. ಅದನ್ನು ನೀವೇ ಎತ್ತಿ ಬದಿಗಿಡಿ. ಹೀಗೆ ಬರೆಯಬಹುದು:

‘ನಮಸ್ಕಾರ. ಹಿಂದಿನ ಸಂದೇಶದಲ್ಲಿ ನಾನು ಕಠಿಣವಾದ ಮಾತು ಬಳಸಿದೆ, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ವಿಷಯ ಇಷ್ಟು. ಹರಾಜಿನ ವಿವರಣೆಯಲ್ಲಿ “ಚೆನ್ನಾಗಿ ಕೆಲಸ ಮಾಡುತ್ತದೆ, ಲೆನ್ಸ್ ಸ್ವಚ್ಛವಾಗಿದೆ” ಎಂದು ಬರೆದಿದ್ದೀರಿ. ನನಗೆ ತಲುಪಿದ ಕ್ಯಾಮೆರಾದ ಲೆನ್ಸಿನ ಒಳಗಿನ ಗಾಜಿನ ಮೇಲೆ ಬೂಷ್ಟು ಬೆಳೆದಿದೆ, ಮೊದಲ ಎರಡು ಚಿತ್ರಗಳನ್ನು ನೋಡಿ. ಒಂದು ಸೆಕೆಂಡಿನ ವೇಗದಲ್ಲಿ ಶಟರ್ ಮುಚ್ಚಿಕೊಳ್ಳುತ್ತಿಲ್ಲ, ಮೂರನೆಯ ಚಿತ್ರ ನೋಡಿ. ನಿಧಾನ ವೇಗಗಳನ್ನು ಪರೀಕ್ಷಿಸದಿದ್ದರೆ ಈ ದೋಷ ಗಮನಕ್ಕೆ ಬಾರದೆ ಇರಬಹುದು. ಕ್ಯಾಮೆರಾವನ್ನು ಹಿಂತಿರುಗಿಸಿ ಪೂರ್ತಿ ಹಣ ಪಡೆಯಲು ಬಯಸುತ್ತೇನೆ. ತಾಣದ ಮೂಲಕ ಇಂದು ಕೋರಿಕೆ ದಾಖಲಿಸಿದ್ದೇನೆ. ನೀವು ಒಪ್ಪಿದ ಮರುದಿನವೇ ಪಾರ್ಸೆಲ್ ಕಳಿಸುತ್ತೇನೆ.’

ಇದರಲ್ಲಿ ‘ಗಮನಕ್ಕೆ ಬಾರದೆ ಇರಬಹುದು’ ಎಂಬ ಸಾಲನ್ನು ದಯವಿಟ್ಟು ತೆಗೆದುಹಾಕಬೇಡಿ. ಸೋತೆ ಎನ್ನಿಸದೆ ಹಣ ಕೊಡಲು ಅವನಿಗೆ ಇರುವ ದಾರಿ ಅದೊಂದೇ. ಅರ್ಧಕ್ಕರ್ಧ ವ್ಯಾಜ್ಯಗಳು ಇಂಥ ಒಂದು ಸಾಲಿಲ್ಲದೆ ಹದಗೆಡುತ್ತವೆ ಎಂಬುದು ನನ್ನ ಅನಿಸಿಕೆ. ಸಂದೇಶ ಕಳಿಸಿದ ಮೇಲೆ ಅವನು ಏನೇ ಕೆಣಕಿದರೂ ಉತ್ತರ ಕೊಡಬೇಡಿ. ಹೊಸ ವಿಷಯ ಬಂದರೆ ಮಾತ್ರ ಎರಡು ಸಾಲು ಬರೆಯಿರಿ.

ಮಾತೆಲ್ಲವೂ ತಾಣದ ಸಂದೇಶಪೆಟ್ಟಿಗೆಯಲ್ಲೇ ನಡೆಯಲಿ. ಅವನು ಫೋನ್ ಮಾಡಿದರೆ, ಮಾತು ಮುಗಿದ ಕೂಡಲೇ ‘ಈಗ ಫೋನಿನಲ್ಲಿ ನೀವು ಹೀಗೆ ಹೇಳಿದಿರಿ’ ಎಂದು ತಾಣದಲ್ಲೇ ಬರೆದು ಹಾಕಿ. ಫೋನಿನಲ್ಲಿ ಆಡಿದ ಮಾತು ಕಡತ ಓದುವವನ ಪಾಲಿಗೆ ಆಡಿದ್ದೇ ಅಲ್ಲ.

ಕಾಲು ಭಾಗ ಹಣದ ಮಾತು ಮೂಗಿಗೆ ತುಪ್ಪ ಸವರುವಂಥದ್ದು. ಆದರೂ ಅದನ್ನು ತಳ್ಳಿಹಾಕುವ ಮೊದಲು ಯೋಚಿಸಿ. ಆ ಕ್ಯಾಮೆರಾ ನಿಮಗೆ ನಿಜಕ್ಕೂ ಬೇಕೇ ಬೇಕು ಎನಿಸಿದರೆ ಭಾಗಶಃ ಹಣ ಪಡೆದು ಇಟ್ಟುಕೊಳ್ಳುವುದು ತಪ್ಪಲ್ಲ. ಹಾಗೆ ಮಾಡುವುದಾದರೆ ರಿಪೇರಿ ಮಾಡುವವರಿಗೆ ಚಿತ್ರ ಮತ್ತು ವಿಡಿಯೊ ತೋರಿಸಿ ಖರ್ಚಿನ ಅಂದಾಜು ಕೇಳಿ. ಬಿಚ್ಚಿಸಬೇಡಿ. ಶಟರನ್ನು ಶುಚಿಮಾಡಿ ಹೊಸ ಎಣ್ಣೆ ಹಾಕಿದರೆ ಸರಿಹೋಗಬಹುದು. ಬೂಷ್ಟು ಹಾಗಲ್ಲ. ಬಹಳ ಕಾಲ ಬಿಟ್ಟಿದ್ದರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದಿರುತ್ತದೆ. ಒರೆಸಿದರೆ ಎಳೆಗಳು ಹೋಗಿ ಗುರುತು ಉಳಿಯುತ್ತದೆ, ಆ ಗುರುತನ್ನು ಯಾರೂ ಅಳಿಸಲಾರರು. ನನ್ನನ್ನು ಕೇಳಿದರೆ ಕಾಲು ಭಾಗಕ್ಕೆ ಒಪ್ಪಬೇಡಿ, ಹಿಂತಿರುಗಿಸಿ.

ಆದರೆ ಅವನ ಮಾತಿನಲ್ಲಿ ಹಣಕ್ಕಿಂತ ಅಪಾಯಕಾರಿಯಾದದ್ದು ಅದರ ಜೊತೆ ಕಟ್ಟಿದ ಷರತ್ತು. ಒಳ್ಳೆಯ ರೇಟಿಂಗ್ ಕೊಟ್ಟರೆ ಹಣ, ದೂರು ಕೊಡದಿದ್ದರೆ ಹಣ. ಈಬೇಯ ನಿಯಮಗಳಲ್ಲಿ ಇದು ನಿಷಿದ್ಧ. ರೇಟಿಂಗನ್ನು ಮುಂದಿಟ್ಟುಕೊಂಡು ಹಣದ ಚೌಕಾಸಿ ಮಾಡುವುದು ಮಾರಾಟಗಾರನಿಗೂ ಸಲ್ಲದು, ಖರೀದಿದಾರನಿಗೂ ಸಲ್ಲದು. ಆ ಸಂದೇಶ ತಾಣದೊಳಗೇ ಬಂದಿದ್ದರೆ ಅವನಾಗಿಯೇ ನಿಮಗೊಂದು ಸಾಕ್ಷಿ ಕೊಟ್ಟಂತಾಯಿತು, ದೂರಿನಲ್ಲಿ ಅದನ್ನು ಉಲ್ಲೇಖಿಸಿ. ನೀವು ಮಾತ್ರ ಅಪ್ಪಿತಪ್ಪಿಯೂ ‘ಹಣ ಕೊಡದಿದ್ದರೆ ಕೆಟ್ಟ ರೇಟಿಂಗ್ ಹಾಕುತ್ತೇನೆ’ ಎಂದು ಬರೆಯಬೇಡಿ. ಅಲ್ಲಿಗೆ ಇಬ್ಬರೂ ಒಂದೇ ತಪ್ಪಿನವರಾಗುತ್ತೀರಿ.

ನಿಮಗೆ ಕೆಟ್ಟ ರೇಟಿಂಗ್ ಹಾಕುವ ಬೆದರಿಕೆಯ ಬಗ್ಗೆ. ಈಬೇಯಲ್ಲಿ 2008ರಿಂದ ಮಾರಾಟಗಾರರು ಖರೀದಿದಾರರಿಗೆ ನಕಾರಾತ್ಮಕ ರೇಟಿಂಗ್ ಕೊಡುವಂತೆಯೇ ಇಲ್ಲ. ಅದಕ್ಕೂ ಮೊದಲು ಕೊಡಬಹುದಿತ್ತು. ನೀವು ಈಗ ಅನುಭವಿಸುತ್ತಿರುವ ಭಯದಿಂದಲೇ ಆಗ ಸಾವಿರಾರು ಜನ ಕೆಟ್ಟ ವಸ್ತು ಬಂದರೂ ಬಾಯಿ ಮುಚ್ಚಿಕೊಂಡು ಒಳ್ಳೆಯ ಮಾತು ಬರೆಯುತ್ತಿದ್ದರು. ಅದಕ್ಕಾಗಿಯೇ ನಿಯಮ ಬದಲಾಯಿತು. ನಿಮ್ಮ ತಾಣದಲ್ಲಿ ಹಳೆಯ ಪದ್ಧತಿಯೇ ಇದ್ದರೂ, ಒಂದು ಕೆಟ್ಟ ರೇಟಿಂಗ್ ಬಿದ್ದರೆ ಅದರ ಕೆಳಗೆ ಒಂದು ಸಾಲಿನ ಉತ್ತರ ಬರೆಯಲು ಬಹುತೇಕ ಕಡೆ ಅವಕಾಶವಿರುತ್ತದೆ. ಅಷ್ಟಕ್ಕಾಗಿ ನಿಮ್ಮ ಹಣ ಬಿಡಬೇಡಿ.

ದೂರು ದಾಖಲಾದ ಮೇಲೆ ಈಬೇಯಲ್ಲಿ ಮಾರಾಟಗಾರನಿಗೆ ಉತ್ತರಿಸಲು ಮೂರು ಕೆಲಸದ ದಿನ ಸಿಗುತ್ತದೆ. ಅಷ್ಟರಲ್ಲಿ ಪರಿಹಾರವಾಗದಿದ್ದರೆ ತಾಣವೇ ಮಧ್ಯೆ ಬರಲಿ ಎಂದು ನೀವು ಕೇಳಬಹುದು. ಅದು ತಾನಾಗಿಯೇ ಆಗುವುದಿಲ್ಲ, ನೀವೇ ಕೇಳಬೇಕು. ಹಣ ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯ ಮೂಲಕ ಹೋಗಿದ್ದರೆ ಅಲ್ಲಿಯದು ಬೇರೆ ಲೆಕ್ಕ: ಹಣ ಕಟ್ಟಿ 180 ದಿನಗಳೊಳಗೆ ತಕರಾರು ತೆಗೆಯಬಹುದು, ತೆಗೆದ 20 ದಿನಗಳೊಳಗೆ ಅದನ್ನು ವಿಚಾರಣೆಗೆ ಏರಿಸದಿದ್ದರೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮುಚ್ಚಿದ್ದನ್ನು ಮತ್ತೆ ತೆರೆಯುವಂತಿಲ್ಲ. ಇದು ಚೆನ್ನಾಗಿ ಗೊತ್ತಿರುವ ಮಾರಾಟಗಾರರು ‘ಮೊದಲು ದೂರು ಮುಚ್ಚಿ, ಹಣ ನಾಳೆಯೇ ಹಾಕುತ್ತೇನೆ’ ಎನ್ನುತ್ತಾರೆ. ಹಣ ಖಾತೆಗೆ ಬಿದ್ದು, ಅದನ್ನು ನಿಮ್ಮ ಕಣ್ಣಾರೆ ಕಾಣುವವರೆಗೆ ದೂರನ್ನು ಮುಚ್ಚಬೇಡಿ. ‘ತಾಣದ ಹೊರಗೆ ನೇರವಾಗಿ ಕಳಿಸುತ್ತೇನೆ, ಖಾತೆ ಸಂಖ್ಯೆ ಕೊಡಿ’ ಎಂದರೂ ಬೇಡ. ಬಂದ ದಾರಿಯಲ್ಲೇ ಹಣ ಹಿಂದೆ ಬರಲಿ.

ಇವೆಲ್ಲವೂ ಕೈಕೊಟ್ಟರೆ ನಿಮ್ಮ ಕಾರ್ಡ್ ಇದೆ. ಕ್ರೆಡಿಟ್ ಕಾರ್ಡ್ ಕೊಟ್ಟ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಕೋರಿಕೆ, ಅಂದರೆ ಕಾರ್ಡಿನಿಂದ ಕಟ್ಟಿದ ಹಣವನ್ನು ಬ್ಯಾಂಕ್ ಮೂಲಕವೇ ಹಿಂದೆ ತರಿಸುವ ಕೋರಿಕೆ, ಸಲ್ಲಿಸಬಹುದು. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಅವಧಿಯಿದೆ, ಆದರೆ ನಿಮ್ಮ ಬ್ಯಾಂಕಿನ ಗಡುವನ್ನು ಬ್ಯಾಂಕಿನವರನ್ನೇ ಕೇಳಿ. ಎಚ್ಚರಿಕೆಯ ಮಾತೊಂದಿದೆ: ಎರಡು ಬಾಗಿಲನ್ನು ಒಟ್ಟಿಗೆ ತಟ್ಟಬೇಡಿ. ಬ್ಯಾಂಕಿಗೆ ಹೋದಿರಿ ಎಂದು ಗೊತ್ತಾದ ಕೂಡಲೇ ತಾಣಗಳು ತಮ್ಮ ಕಡತವನ್ನು ಮುಚ್ಚುತ್ತವೆ. ಮೊದಲು ತಾಣ, ಅಲ್ಲಿ ತೀರ್ಮಾನ ನಿಮ್ಮ ವಿರುದ್ಧ ಬಂದರೆ ಆಮೇಲೆ ಬ್ಯಾಂಕ್. ಮಾರಾಟಗಾರನೊಂದಿಗೆ ಬಗೆಹರಿಸಿಕೊಳ್ಳಲು ಪ್ರಯತ್ನಿಸಿದಿರಾ ಎಂದು ಬ್ಯಾಂಕ್ ಕೇಳುತ್ತದೆ. ಮೇಲಿನ ಸಂದೇಶ ಅಲ್ಲಿಯೂ ನಿಮ್ಮ ಕೈಹಿಡಿಯುತ್ತದೆ.

ತೀರ್ಮಾನ ನಿಮ್ಮ ಪರವಾಗಿ ಬಂದರೂ ಕೆಲಸ ಉಳಿದಿರುತ್ತದೆ. ಗೆದ್ದೆ ಎಂಬ ಸಮಾಧಾನದಲ್ಲಿ ಈ ಹಂತದಲ್ಲಿ ಎಡವಿದವರು ಬಹಳ ಜನ. ಕ್ಯಾಮೆರಾವನ್ನು ಹಿಂದೆ ಕಳಿಸುವಾಗ, ಅದನ್ನು ಸುತ್ತುವುದರಿಂದ ಹಿಡಿದು ಪೆಟ್ಟಿಗೆಗೆ ಟೇಪ್ ಹಚ್ಚಿ ಚೀಟಿ ಅಂಟಿಸುವವರೆಗೆ ಒಂದೇ ಓಟದ ವಿಡಿಯೊ ಮಾಡಿ, ಕ್ರಮಸಂಖ್ಯೆಯನ್ನು ಹತ್ತಿರದಿಂದ ತೋರಿಸಿ. ಅವನು ಕಳಿಸಿದ ಲೆನ್ಸಿನ ಮುಚ್ಚಳ, ಪಟ್ಟಿ, ಚೀಲ ಒಂದೂ ಉಳಿಯದಂತೆ ಎಲ್ಲವನ್ನೂ ಹಾಕಿ. ಟ್ರ್ಯಾಕಿಂಗ್ ಸಂಖ್ಯೆಯಿಲ್ಲದೆ ಕಳಿಸಬೇಡಿ. ಅಂಚೆಯವರು ತೂಕ ನಮೂದಿಸಿದ ರಸೀದಿಯನ್ನು ಜೋಪಾನವಾಗಿಡಿ, ‘ಖಾಲಿ ಪೆಟ್ಟಿಗೆ ಬಂತು’ ಎಂಬ ಮಾತಿಗೆ ಅದರ ಮೇಲಿನ ತೂಕವೇ ಉತ್ತರ. ವಿಳಾಸ ಮಾತ್ರ ತಾಣದ ಕಡತದಲ್ಲಿ ಇರುವುದೇ ಆಗಿರಬೇಕು. ‘ಈಗ ಬೇರೆ ಮನೆಯಲ್ಲಿದ್ದೇನೆ, ಇಲ್ಲಿಗೆ ಕಳಿಸಿ’ ಎಂದು ಅವನು ಸಂದೇಶದಲ್ಲಿ ಬರೆದ ವಿಳಾಸಕ್ಕೆ ಕಳಿಸಿದರೆ, ತಾಣದ ಲೆಕ್ಕದಲ್ಲಿ ವಸ್ತು ಹಿಂದೆ ಹೋಗಲೇ ಇಲ್ಲ ಎಂದಾಗಬಹುದು. ವಿವರಣೆಗೆ ಹೊಂದದ ವಸ್ತುವಿನ ಹಿಂಪ್ರಯಾಣದ ಖರ್ಚು ಈಬೇಯಲ್ಲಿ ಮಾರಾಟಗಾರನದು, ಅದನ್ನೂ ಕೇಳಿ ಪಡೆಯಿರಿ.

ಕೊನೆಗೆ ರೇಟಿಂಗ್. ಹಣ ಪೂರ್ತಿ ಬರುವವರೆಗೆ ಏನನ್ನೂ ಬರೆಯಬೇಡಿ. ಈಬೇಯಲ್ಲಿ ಇದಕ್ಕೆ 60 ದಿನಗಳ ಅವಕಾಶವಿದೆ, ಅವಸರವೇನಿಲ್ಲ. ಬರೆಯುವಾಗಲೂ ಮುಂದೆ ಅವನಿಂದ ಕೊಳ್ಳಲು ಬರುವ ಇನ್ನೊಬ್ಬ ಅಪರಿಚಿತನನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅವನಿಗೆ ನಿಮ್ಮ ಸಿಟ್ಟಿನಿಂದ ಉಪಯೋಗವಿಲ್ಲ. ‘ಲೆನ್ಸ್ ಸ್ವಚ್ಛ ಎಂದಿತ್ತು, ಒಳಗೆ ಬೂಷ್ಟು ಇತ್ತು. ನಿಧಾನ ವೇಗಗಳಲ್ಲಿ ಶಟರ್ ಮುಚ್ಚುತ್ತಿರಲಿಲ್ಲ. ತಾಣದ ಮಧ್ಯಪ್ರವೇಶದ ನಂತರ ಹಣ ಹಿಂತಿರುಗಿತು.’ ಮಾರಾಟಗಾರ ನಿಮ್ಮ ಸಂದೇಶ ಓದಿ ತಾನಾಗಿಯೇ ಹಣ ಕೊಟ್ಟರೆ ಕೊನೆಯ ವಾಕ್ಯವನ್ನು ‘ತಿಳಿಸಿದ ಮೇಲೆ ತಕರಾರಿಲ್ಲದೆ ಹಣ ಹಿಂತಿರುಗಿಸಿದರು’ ಎಂದು ಬದಲಾಯಿಸಿ. ಅದೂ ನಿಜವೇ ಆಗಿರುತ್ತದೆ, ಅವನಿಗೆ ಅದು ಸಲ್ಲಬೇಕು.